ಆಯಿಯವರ ದನಿಯನ್ನು ಹುಡುಕಿದ್ದು

2024ರ ಆಷಾಢದಲ್ಲಿ ನಮ್ಮ ಕೈಯಿಂದಲೇ ಆದ ಒಂದು ಪ್ರಮಾದವನ್ನೂ, ಅದನ್ನು ಸರಿಪಡಿಸಿಕೊಳ್ಳಲು ನಾವು ಪಟ್ಟ ಪಾಡನ್ನೂ ಓದುಗ ಬಂಧುಗಳ ಮುಂದೆ ಇಡಬೇಕೆಂದು ಬಹು ದಿನಗಳಿಂದ ಮನಸ್ಸಿನಲ್ಲಿತ್ತು. ಸಂಕೋಚ ಅಡ್ಡ ಬರುತ್ತಿತ್ತು. ಮಠದ ನೆರಳಿನಲ್ಲಿ ಓದಿದವರು, ಹತ್ತಾರು ಊರುಗಳಲ್ಲಿ ಪ್ರವಚನ ಹೇಳಿದವರು, ಅರುವತ್ತು ದಾಟಿದ ಮೇಲೆ ಅಂಗೈಯೊಳಗಿನ ಒಂದು ಫೋನನ್ನು ನೆಟ್ಟಗೆ ಬಳಸಲರಿಯದೆ ಹೋದರೆಂದು ಜನ ನಕ್ಕಾರು ಎಂಬ ಅಳುಕು. ಆದರೆ ಈಚೆಗೆ ಎರಡು ಮೂರು ಮನೆಗಳಲ್ಲಿ ಇದೇ ಬಗೆಯ ನಷ್ಟವಾದುದನ್ನು ಕೇಳಿದ ಮೇಲೆ, ನಗುವವರು ನಗಲಿ, ಉಳಿದವರಿಗೆ ಉಪಯೋಗವಾದೀತು ಎಂದು ಬರೆಯಲು ಕುಳಿತಿದ್ದೇವೆ.

ಬೀದರ ಜಿಲ್ಲೆಯ ಹುಮನಾಬಾದ ತಾಲ್ಲೂಕಿನ ಘಾಟಬೋರಾಳ ನಮ್ಮ ಊರು. ಹುಮನಾಬಾದ ಬಸವಕಲ್ಯಾಣಗಳ ಈ ಸೀಮೆಯಲ್ಲಿ ಮನೆಯೊಳಗೆ ಕನ್ನಡ, ಸಂತೆಯಲ್ಲಿ ಮರಾಠಿ, ಹಳೆಯ ಹೊಲದ ಕಾಗದಗಳಲ್ಲಿ ಉರ್ದು. ನಮ್ಮ ಓಣಿಯಲ್ಲಿ ಒಬ್ಬ ಹಿರಿಯ ತಾಯಿ ಇದ್ದರು. ಊರಿಗೆಲ್ಲ ಅವರು ಆಯಿ. ವಯಸ್ಸು ಕೇಳಿದರೆ, ರಜಾಕಾರರ ಹಾವಳಿಯ ಹೊತ್ತಿಗೆ ತಾವು ಎಂಟೊಂಬತ್ತು ವರ್ಷದ ಹುಡುಗಿ ಎನ್ನುತ್ತಿದ್ದರು. ಎಂದರೆ 1940ರ ಆಸುಪಾಸಿನ ಜನನ. ಅಕ್ಷರ ಕಲಿತವರಲ್ಲ. ನಿಜಾಮರ ಆಳ್ವಿಕೆಯ ಆ ದಿನಗಳಲ್ಲಿ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು (1889–1999) ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ನಮ್ಮ ಸೀಮೆಯವರಿಗೆಲ್ಲ ತಿಳಿದದ್ದೇ. ಆದರೆ ಹಳ್ಳಿಯ ಹೆಣ್ಣುಮಕ್ಕಳ ಪಾಲಿಗೆ ಅಂಥ ಶಾಲೆ ಎಲ್ಲಿ ಬರಬೇಕು? ಆಯಿಯವರ ಪಾಠಶಾಲೆ ಬೀಸುವ ಕಲ್ಲು. ಗುರು ಅವರ ಅತ್ತೆ. ನಸುಕಿನಲ್ಲಿ ಅತ್ತೆ ಸೊಸೆ ಎದುರುಬದುರು ಕುಳಿತು ಜೋಳ ಬೀಸುತ್ತ ಹಾಡಿದ ತತ್ತ್ವಪದಗಳೇ ಅವರ ಪಠ್ಯ. ಕಲ್ಲು ನಿಂತು ಗಿರಣಿ ಬಂದ ಮೇಲೂ ಪದ ನಿಲ್ಲಲಿಲ್ಲ. ಹೊಲಕ್ಕೆ ಹೋಗುವಾಗ, ಮೊಮ್ಮಕ್ಕಳನ್ನು ಮಲಗಿಸುವಾಗ ಅದೇ ಪದ.

ಅವರ ಪದಗಳ ವೈಶಿಷ್ಟ್ಯವನ್ನು ಒಂದು ಮಾತಿನಲ್ಲಿ ಹೇಳಬೇಕು. ಕಡಕೋಳ ಮಡಿವಾಳಪ್ಪನವರ ಪದಗಳು, ಶಿಶುನಾಳ ಶರೀಫರ ಪದಗಳು ಅಚ್ಚಾಗಿವೆ. ಪುಸ್ತಕ ತೆರೆದರೆ ಸಿಗುತ್ತವೆ. ಆಯಿಯವರು ಹಾಡುತ್ತಿದ್ದವುಗಳಲ್ಲಿ ಅರ್ಧದಷ್ಟು ನಾವು ನೋಡಿದ ಯಾವ ಸಂಗ್ರಹದಲ್ಲಿಯೂ ಇರಲಿಲ್ಲ. ಕೆಲವಕ್ಕೆ ಅಂಕಿತವೇ ಇಲ್ಲ. ಕೆಲವದರಲ್ಲಿ ಒಂದು ನುಡಿ ಕನ್ನಡ, ಮುಂದಿನ ನುಡಿಯ ಕೊನೆಗೆ ಮರಾಠಿಯ ಮಾತು. ಅತ್ತೆಯ ತವರು ಯಾವುದೋ, ಅತ್ತೆಗೆ ಕಲಿಸಿದವರು ಯಾರೋ, ಅಲ್ಲಿಂದ ಹರಿದು ಬಂದ ನೀರು ಅದು.

2019ರಲ್ಲಿ ನಮ್ಮ ಕೈಗೆ ಮೊದಲ ಸ್ಮಾರ್ಟ್‌ಫೋನು ಬಂದಾಗ ಅದರಲ್ಲಿ ಧ್ವನಿ ಹಿಡಿಯುವ ಸೌಕರ್ಯವಿದೆಯೆಂದು ತಿಳಿಯಿತು. ಆಯಿಯವರ ಪಡಸಾಲೆಯಲ್ಲಿ ಕುಳಿತು ಮೊದಲ ಪದವನ್ನು ಹಿಡಿದು, ಅವರಿಗೇ ಕೇಳಿಸಿದೆವು. ತಮ್ಮ ದನಿಯನ್ನು ತಾವೇ ಕೇಳಿ ಆ ತಾಯಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಬಹಳ ಹೊತ್ತು ನಕ್ಕರು. ಆಮೇಲೆ ಕೇಳಿದರು:

“ಅಪ್ಪಾರೆ, ಇದರಾಗ ನನ್ನ ದನಿ ಎಷ್ಟು ದಿನ ಇರ್ತದ?”

“ನೀವು ನಾವು ಇಲ್ಲದಿದ್ದರೂ ಇರುತ್ತದೆ, ಆಯಿ” ಎಂದು ನಾವು ಶಾಸ್ತ್ರ ಹೇಳಿದಷ್ಟೇ ನಿಶ್ಚಯದಿಂದ ಹೇಳಿದೆವು. ಆ ಮಾತು ಈಗಲೂ ಕಿವಿಯಲ್ಲಿದೆ.

ನಾಲ್ಕು ವರ್ಷಗಳಲ್ಲಿ ನಲವತ್ತೊಂದು ಪದಗಳಾದವು. ಹಳೆಯ ಫೋನಿನಲ್ಲಿ ಹಿಡಿದ 17 ಪದಗಳು ಒಂದು ಮೆಮರಿ ಕಾರ್ಡಿನಲ್ಲಿ ಇದ್ದವು. 2021ರ ಕೊನೆಗೆ ಹೊಸ ಫೋನು ಬಂದಾಗ ಆ ಕಾರ್ಡನ್ನೇ ಇದರೊಳಗೆ ಹಾಕಿಸಿದೆವು. ಮುಂದಿನ 24 ಪದಗಳು ಫೋನಿನ ಒಡಲಿನಲ್ಲಿಯೇ ಉಳಿದವು. ಒಂದು ಪದವಂತೂ ಆಯಿಯವರು ಪೂರ್ತಿಯಾಗಿ ಒಂದೇ ಸಲ ಹಾಡಿದ್ದು. ಹಂಸ ಪಂಜರ ಬಿಡುವ ವಿಷಯದ ಏಳು ನುಡಿಯ ಪದ. ಅತ್ತೆ ಸಾಯುವ ಹಿಂದಿನ ದಿನ ಕೇಳಿ ಹಾಡಿಸಿಕೊಂಡದ್ದು ಎಂದು ಹೇಳಿ, ಮತ್ತೊಮ್ಮೆ ಹಾಡೆಂದರೆ ಒಪ್ಪಲಿಲ್ಲ. ಅದನ್ನು ಬರೆದಿಡಬೇಕೆಂದು ಅಂದೇ ಅಂದುಕೊಂಡೆವು. ಮಠದಲ್ಲಿದ್ದಾಗ ಕೇಳಿದ್ದನ್ನೆಲ್ಲ ಅಂದಿನ ರಾತ್ರಿಯೇ ಬರೆದಿಡುವ ಅಭ್ಯಾಸ ನಮ್ಮದು. ಆದರೆ ಫೋನಿನಲ್ಲಿದೆಯಲ್ಲ, ಅವಸರವೇನು? ಈ ಶಿವರಾತ್ರಿಗೆ ಬರೆದರಾಯಿತು, ಮುಂದಿನ ಶಿವರಾತ್ರಿಗೆ ಬರೆದರಾಯಿತು. 2023ರ ಶ್ರಾವಣದಲ್ಲಿ ಆಯಿಯವರು ಲಿಂಗೈಕ್ಯರಾದರು. ನಾವು ಒಂದು ನುಡಿಯನ್ನೂ ಬರೆದಿರಲಿಲ್ಲ.

ಇನ್ನು ಪ್ರಮಾದದ ಕಥೆ. ಮರುವರ್ಷ ಆಷಾಢದಲ್ಲಿ ನಮ್ಮ ಫೋನು ಜಾಗ ತುಂಬಿದೆ, ಜಾಗ ತುಂಬಿದೆ ಎಂದು ದಿನಕ್ಕೆ ನಾಲ್ಕು ಸಲ ತಗಾದೆ ಮಾಡತೊಡಗಿತು. ಪ್ರತಿ ಮುಂಜಾವಿನಲ್ಲಿ ಭಕ್ತರು ಕಳಿಸುವ ಶುಭೋದಯದ ಚಿತ್ರಗಳು, ಮೂರು ಮೂರು ತಾಸಿನ ಪ್ರವಚನಗಳು, ಯಾರದೋ ಮನೆಯ ಗೃಹಪ್ರವೇಶದ ವಿಡಿಯೋಗಳು. ಒಂದು ಮಧ್ಯಾಹ್ನ ಕುಳಿತು ಹಳೆಯ ಪ್ರವಚನಗಳನ್ನು ಅಳಿಸಿಬಿಡೋಣವೆಂದು ಹೊರಟೆವು. ಒಂದೊಂದಾಗಿ ಒತ್ತುವುದು ಬೇಸರವೆನಿಸಿ, ಮೇಲೆ ಎಲ್ಲವನ್ನೂ ಆರಿಸುವ ಗುರುತೊಂದಿತ್ತು, ಅದನ್ನು ಒತ್ತಿದೆವು. ಆ ಪಟ್ಟಿಯಲ್ಲಿ ಫೋನಿನ ಧ್ವನಿಯೂ ಕಾರ್ಡಿನ ಧ್ವನಿಯೂ ಒಟ್ಟಿಗೇ ಇದ್ದುದನ್ನು ನೋಡಲಿಲ್ಲ. ಅಳಿಸಿದ ಮೇಲೂ ಜಾಗ ತುಂಬಿದೆ ಎಂದೇ ಅದು ಹೇಳಿತು. ಅಳಿಸಿದ್ದೆಲ್ಲ ಬುಟ್ಟಿಯಲ್ಲಿ ಬಿದ್ದಿದೆ, ಬುಟ್ಟಿ ಬರಿದು ಮಾಡಲೇ ಎಂದು ಕೇಳಿತು. ಮಾಡು ಎಂದೆವು. ನಮ್ಮ ತರುಣ ದಿನಗಳ ಕ್ಯಾಸೆಟ್ಟಿಗೆ ಹಿಂಬದಿಯಲ್ಲಿ ಎರಡು ಪುಟ್ಟ ಹಲ್ಲುಗಳಿರುತ್ತಿದ್ದವು. ಅವನ್ನು ಮುರಿದುಬಿಟ್ಟರೆ ಆ ಕ್ಯಾಸೆಟ್ಟಿನ ಮೇಲೆ ಮತ್ತೆ ಯಾರೂ ಮುದ್ರಿಸಲಾಗುತ್ತಿರಲಿಲ್ಲ. ಹಿರಿಯ ಸ್ವಾಮಿಗಳ ಪ್ರವಚನದ ಕ್ಯಾಸೆಟ್ಟುಗಳ ಹಲ್ಲನ್ನು ನಾವೇ ಎಷ್ಟೋ ಸಲ ಮುರಿದಿದ್ದುಂಟು. ಫೋನಿಗೆ ಅಂಥ ಹಲ್ಲು ಎಲ್ಲಿದೆ?

ಹೀಗಾದುದು ನಮಗೆ ಗೊತ್ತಾಗಿದ್ದು ನಾಗಪಂಚಮಿ ಕಳೆದ ಮೇಲೆ. ಪುಣೆಯಲ್ಲಿ ನೌಕರಿಯಲ್ಲಿರುವ ಆಯಿಯವರ ಮೊಮ್ಮಗ ಫೋನು ಮಾಡಿ, “ಶಾಸ್ತ್ರಿಗಳೆ, ಆಯಿಯ ಪುಣ್ಯಸ್ಮರಣೆಯ ದಿನ ಆಕೀದೇ ಪದ ಹಚ್ಚಬೇಕಂತ ಮಾಡೀವ್ರಿ. ನಿಮ್ಮ ಹತ್ತಿರ ಎಲ್ಲಾ ಅವ ಅಲ್ಲ?” ಎಂದ. ಅವೆ ಎಂದು ಹೇಳಿ ಫೋನು ತೆರೆದರೆ ಪಟ್ಟಿ ಬರಿದು. ಆ ಕ್ಷಣದ ಮನಸ್ಥಿತಿಯನ್ನು ಬರೆಯಲಾರೆವು. ಅಂದು ರಾತ್ರಿ ಪ್ರಸಾದ ಸೇರಲಿಲ್ಲ ಎಂದಷ್ಟೇ ಹೇಳಬಹುದು.

ಮರುದಿನ ಬೆಳಿಗ್ಗೆ ಪೇಟೆಗೆ ಹೋಗಿ ಒಂದು ಮೊಬೈಲ್ ದುರಸ್ತಿ ಅಂಗಡಿಯಲ್ಲಿ ನಮ್ಮ ಕಷ್ಟ ಹೇಳಿಕೊಂಡೆವು. ಅಂಗಡಿಯ ತರುಣ ಧೈರ್ಯ ಹೇಳಿ, ಎಂಟುನೂರು ರೂಪಾಯಿ ಮುಂಗಡ ತೆಗೆದುಕೊಂಡು, ನಮ್ಮ ಫೋನಿಗೇ ಎರಡು ಆ್ಯಪ್‌ಗಳನ್ನು ಇಳಿಸಿ, ಸಂಜೆ ಬನ್ನಿ ಎಂದ. ಸಂಜೆಗೆ ಮೂರು ಸಾವಿರಕ್ಕೂ ಹೆಚ್ಚು ಫೈಲುಗಳು ಮರಳಿ ಬಂದಿದ್ದವು. ಹಿಗ್ಗಿನಿಂದ ತೆರೆದು ನೋಡಿದರೆ ಎಲ್ಲವೂ ನಾವು ಅಳಿಸಿದ್ದ ಶುಭೋದಯದ ಚಿತ್ರಗಳೇ! ಅದೂ ಉಗುರಿನಷ್ಟು ಸಣ್ಣವು. ಒಂದು ಪದವಿಲ್ಲ. ಆ ತರುಣನನ್ನು ಬೈಯುವ ಮನಸ್ಸು ನಮಗಿಲ್ಲ. ಅವನಿಗೂ ತಿಳಿದದ್ದು ಅಷ್ಟೇ. ಇಂಥ ಆ್ಯಪ್‌ಗಳು ಬಹುಮಟ್ಟಿಗೆ ಫೋನು ತಾನೇ ಮೂಲೆಯಲ್ಲಿ ಇಟ್ಟುಕೊಂಡಿರುವ ಚಿಕ್ಕ ಚಿತ್ರಗಳನ್ನೇ ಹೆಕ್ಕಿ ತೋರಿಸುತ್ತವೆ ಎಂಬುದು ಆಮೇಲೆ ಗೊತ್ತಾಯಿತು.

ಅದನ್ನು ತಿಳಿಸಿದವಳು ನಮ್ಮ ಓಣಿಯ ಒಬ್ಬ ಹೆಣ್ಣುಮಗಳು. ಬೀದರಿನಲ್ಲಿ ಗಣಕ ವಿಜ್ಞಾನ ಓದುತ್ತಿರುವವಳು, ಹಬ್ಬಕ್ಕೆ ಊರಿಗೆ ಬಂದಿದ್ದಳು. ನಮ್ಮ ಮಾತು ಮುಗಿಯುವ ಮೊದಲೇ ಕೈಯಿಂದ ಫೋನು ತೆಗೆದುಕೊಂಡು ಫ್ಲೈಟ್ ಮೋಡಿಗೆ ಹಾಕಿ, ಕಾರ್ಡನ್ನು ಹೊರಗೆ ತೆಗೆದಳು.

“ಅಳಿಸಿ ಎಷ್ಟು ದಿನ ಆತ್ರಿ?”

“ನಾಲ್ಕು ವಾರ.”

“ಬುಟ್ಟಿ ಖಾಲಿ ಮಾಡಿರೇನ್ರಿ?”

“ಮಾಡಿದೆವು, ತಾಯಿ.”

ಅವಳು ಏನೂ ಅನ್ನಲಿಲ್ಲ. ಆಮೇಲೆ ನಾವೇ ಕೇಳಿ ತಿಳಿದುಕೊಂಡೆವು. ಫೋನಿನಲ್ಲಿ ಅಳಿಸಿದ ಧ್ವನಿ ಬಹಳ ಕಡೆ ಒಮ್ಮೆಲೇ ಹೋಗುವುದಿಲ್ಲ. ಗೂಗಲ್‌ನ ಫೈಲ್ಸ್ ಎಂಬ ಆ್ಯಪಿನ ಬುಟ್ಟಿಯಲ್ಲಿ ಮೂವತ್ತು ದಿನ ಇರುತ್ತದೆ. ಗೂಗಲ್ ಡ್ರೈವ್‌ನಲ್ಲಿ ಇಟ್ಟದ್ದಾದರೆ ಅಲ್ಲಿಯ ಬುಟ್ಟಿಯಲ್ಲಿಯೂ ಮೂವತ್ತು ದಿನ. ಐಫೋನಿನ ವಾಯ್ಸ್ ಮೆಮೋಸ್‌ನಲ್ಲಿ ಈಚೆಗೆ ಅಳಿಸಿದವುಗಳ ಪಟ್ಟಿ ಬೇರೆಯೇ ಇದ್ದು, ಅಲ್ಲಿಯೂ ಸಾಮಾನ್ಯವಾಗಿ ಮೂವತ್ತು ದಿನದ ಅವಧಿ. ನಾವು ಬುಟ್ಟಿಯನ್ನು ಬರಿದು ಮಾಡದೆ ಸುಮ್ಮನಿದ್ದಿದ್ದರೆ, ಮೊಮ್ಮಗ ಫೋನು ಮಾಡಿದ ದಿನ 41 ಪದಗಳೂ ಅಲ್ಲಿಯೇ ಇರುತ್ತಿದ್ದವು. ಆದ್ದರಿಂದ ಧ್ವನಿ ಕಾಣೆಯಾಯಿತೆಂದು ಗೊತ್ತಾದವರು ಅಂಗಡಿಗೆ ಓಡುವ ಮೊದಲು ಈ ಬುಟ್ಟಿಗಳನ್ನು ನೋಡಬೇಕು. ಖರ್ಚಿಲ್ಲದ ಕೆಲಸ, ಎಷ್ಟೋ ಜನರಿಗೆ ಇಲ್ಲಿಯೇ ಸಿಕ್ಕಿಬಿಡುತ್ತದೆ.

ಬುಟ್ಟಿಯೂ ಬರಿದಾದ ಮೇಲೆ ಏನಾಗುತ್ತದೆ? ಆ ಮಗಳು ನಮಗೆ ತಿಳಿಯುವಂತೆ ಹೇಳಿದಳು. ಫೋನಾಗಲಿ ಕಾರ್ಡಾಗಲಿ ಒಂದು ದೊಡ್ಡ ಕಣಜ. ಯಾವ ಅಂಕಣದಲ್ಲಿ ಯಾವ ಧಾನ್ಯವಿದೆಯೆಂದು ಬಾಗಿಲಲ್ಲಿ ಒಂದು ವಹಿ. ಅಳಿಸು ಎಂದರೆ ಅದು ಧಾನ್ಯವನ್ನು ಹೊರಗೆ ಚೆಲ್ಲುವುದಿಲ್ಲ; ವಹಿಯಲ್ಲಿ ಹೆಸರು ಹೊಡೆದುಹಾಕಿ, ಈ ಅಂಕಣ ಖಾಲಿ ಎಂದು ಬರೆದುಕೊಳ್ಳುತ್ತದೆ. ಹೊಸ ಧಾನ್ಯ ಬಂದು ಅದೇ ಅಂಕಣ ತುಂಬುವವರೆಗೆ ಹಳೆಯದು ಅಲ್ಲಿಯೇ ಬಿದ್ದಿರುತ್ತದೆ. ಸಾಮಾನ್ಯ ಮೆಮರಿ ಕಾರ್ಡಿನ ವಹಿಯಲ್ಲಂತೂ ಅಳಿಸಿದ ಫೈಲಿನ ಹೆಸರಿನ ಮೊದಲಕ್ಷರದ ಜಾಗದಲ್ಲಿ ಒಂದು ಗುರುತು ಬೀಳುತ್ತದೆಯಂತೆ, ಉಳಿದ ಅಕ್ಷರಗಳು ಹಾಗೆಯೇ ಇರುತ್ತವೆಯಂತೆ. ಇದನ್ನು ಕೇಳಿ ನಮಗೆ ಮೈ ಜುಮ್ಮೆಂದಿತು. ಮಠದ ಓಲೆಗರಿಯ ಕಟ್ಟುಗಳಲ್ಲಿ ಮೊದಲಕ್ಷರವನ್ನು ಹುಳ ತಿಂದ ಪದ್ಯಗಳನ್ನು ಊಹಿಸಿ ಓದಿಕೊಂಡವರು ನಾವು.

ಇದರಿಂದಲೇ ಇನ್ನೊಂದು ಎಚ್ಚರಿಕೆ ಹುಟ್ಟುತ್ತದೆ. ಧ್ವನಿ ಹೋಯಿತೆಂದು ಗೊತ್ತಾದ ಮೇಲೆ ಆ ಫೋನಿನಲ್ಲಿ ಮತ್ತೆ ಏನನ್ನೂ ಹಿಡಿಯಬಾರದು, ಫೋಟೋ ತೆಗೆಯಬಾರದು, ಹುಡುಕಿಕೊಡುವೆನೆಂಬ ಆ್ಯಪನ್ನು ಅದರೊಳಗೇ ಇಳಿಸಲೂಬಾರದು. ಹುಡುಕಲು ಬಂದವನೇ ಕಳೆದ ವಸ್ತುವಿನ ಮೇಲೆ ಕಾಲಿಟ್ಟು ನಿಂತಂತೆ ಆಗುತ್ತದೆ. ನಮ್ಮ ಫೋನಿನಲ್ಲಿ ಆದದ್ದೂ ಅದೇ.

ಫೋನಿನ ಒಡಲಿನಲ್ಲಿದ್ದ 24 ಪದಗಳ ವಿಷಯ ಮಾತ್ರ ಇನ್ನೂ ಕಠಿಣ. ಈಗಿನ ಫೋನುಗಳು, ವಿಶೇಷವಾಗಿ 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದೀಚೆಯವು, ಒಳಗಿನ ಪ್ರತಿಯೊಂದು ಫೈಲನ್ನೂ ಗೂಢಲಿಪಿಯಲ್ಲಿ ಇಡುತ್ತವೆ. ಒಂದೊಂದಕ್ಕೂ ಒಂದೊಂದು ಬೀಗ. ಫೈಲು ಅಳಿದಾಗ ಅದರ ಕೀಲಿಯ ಗುರುತೂ ಅಳಿಯುತ್ತದೆ. ಅದಲ್ಲದೆ, ನಾವು ರಾತ್ರಿ ಚಾರ್ಜಿಗೆ ಹಾಕಿ ಮಲಗಿದಾಗ ಫೋನು ತಾನೇ ಖಾಲಿ ಅಂಕಣಗಳನ್ನು ಗುಡಿಸಿ ಸಾರಿಸಿಕೊಳ್ಳುತ್ತದೆ. ಕಳ್ಳರ ಕೈಗೆ ನಮ್ಮ ಗುಟ್ಟು ಸಿಗದಿರಲೆಂದು, ಫೋನು ಚುರುಕಾಗಿರಲೆಂದು ಮಾಡಿದ ಏರ್ಪಾಡುಗಳು ಇವು, ಒಳ್ಳೆಯವೇ. ಆದರೆ ಒಡೆಯನೇ ಬಂದು ಬೇಡಿದರೂ ಕೊಡುವುದಿಲ್ಲ. “ಒಳಗಿನವು ಬರೂದಿಲ್ರಿ ಅಪ್ಪಾರೆ. ಬರ್ತಾವಂತ ಯಾರರೆ ಹೇಳಿ ರೊಕ್ಕ ಕೇಳಿದ್ರ ಕೊಡಬ್ಯಾಡ್ರಿ” ಎಂದಳು. ಕೆಟ್ಟ ಸುದ್ದಿಯನ್ನು ಮೃದುವಾಗಿ, ಸುತ್ತಿ ಬಳಸದೆ ಹೇಳುವ ಆ ಗುಣ ನಮಗೆ ಬಹಳ ಹಿಡಿಸಿತು. ಹುಡುಕಿಕೊಡುತ್ತೇನೆಂದು ಹೇಳುವ ಕೆಲವು ಆ್ಯಪ್‌ಗಳು ನಮ್ಮ ಸಂಪರ್ಕ ಸಂಖ್ಯೆಗಳನ್ನೂ ಸಂದೇಶಗಳನ್ನೂ ನೋಡಲು ಅಪ್ಪಣೆ ಕೇಳುತ್ತವೆ. ಧ್ವನಿ ಹುಡುಕುವವನಿಗೆ ನಮ್ಮ ಬಂಧುಗಳ ಫೋನ್ ನಂಬರು ಏತಕ್ಕೆ ಬೇಕು ಎಂದು ಓದುಗರೇ ಯೋಚಿಸಬೇಕು.

ಕಾರ್ಡಿಗೆ ಅಂಥ ಬೀಗವಿರಲಿಲ್ಲ. ಅವಳು ಅದನ್ನು ತನ್ನ ಗಣಕಯಂತ್ರಕ್ಕೆ ಜೋಡಿಸಿ ಫೋಟೋರೆಕ್ ಎಂಬ ತಂತ್ರಾಂಶವನ್ನು ಓಡಿಸಿದಳು. ಹೆಸರು ಫೋಟೋ ಎಂದಿದ್ದರೂ ಅದು ಧ್ವನಿಯನ್ನೂ ಹುಡುಕುತ್ತದೆ. ಫ್ರಾನ್ಸಿನ ಕ್ರಿಸ್ತೋಫ್ ಗ್ರೆನಿಯೆ ಎಂಬವರು ಬರೆದು ಲೋಕಕ್ಕೆ ಉಚಿತವಾಗಿ ಬಿಟ್ಟಿರುವುದು. ದಾಸೋಹವೆಂದರೆ ಇದೂ ಒಂದು ದಾಸೋಹವೇ ಅಲ್ಲವೆ? ಆ ತಂತ್ರಾಂಶ ವಹಿಯನ್ನು ನೋಡುವುದೇ ಇಲ್ಲ. ಅಂಕಣ ಅಂಕಣಕ್ಕೂ ಇಣುಕಿ, ಪ್ರತಿ ಬಗೆಯ ಫೈಲಿನ ಆರಂಭದಲ್ಲಿರುವ ಗುರುತನ್ನು ಹಿಡಿದು ಮೇಲೆತ್ತುತ್ತದೆ. ಹೀಗೆತ್ತಿದ್ದನ್ನು ಅದೇ ಕಾರ್ಡಿಗೆ ಹಾಕದೆ ಗಣಕಯಂತ್ರದಲ್ಲಿ ಇಟ್ಟುಕೊಳ್ಳಬೇಕು. ಒಂದು ತಾಸಿಗೂ ಹೆಚ್ಚು ಹೊತ್ತು ಅದರ ಮುಂದೆ ನಾವು ಜಪಕ್ಕೆ ಕುಳಿತಂತೆ ಕುಳಿತಿದ್ದೆವು.

ಬಂದ ಫೈಲುಗಳಿಗೆ ಹೆಸರಿಲ್ಲ, ದಿನಾಂಕವಿಲ್ಲ, ಬರೀ ಅಂಕಿಗಳು. ಒಂದೊಂದನ್ನೇ ಕೇಳಿ ಗುರುತಿಸಬೇಕು. ಹಳೆಯ ಹಾಲುಲೆಕ್ಕ ಹೇಳುವ ಯಾರದೋ ದನಿ, ಬಸ್ಸಿನ ಸದ್ದು, ಒಂದು ಅರ್ಧ ಪ್ರವಚನ, ನಡುವೆ ಇದ್ದಕ್ಕಿದ್ದಂತೆ ಆಯಿ. ಆ ಹುಡುಗಿಯೂ ಅವರ ಮಡಿಲಲ್ಲಿ ಆಡಿ ಬೆಳೆದವಳು. ಪರದೆಯ ಕಡೆ ನೋಡುವುದನ್ನು ಬಿಟ್ಟು ಕಿಟಕಿಯ ಕಡೆ ತಿರುಗಿ ಕುಳಿತಳು. ಹದಿನೇಳರಲ್ಲಿ ಹನ್ನೆರಡು ಸಿಕ್ಕವು. ಉಳಿದ ಐದರ ಜಾಗದಲ್ಲಿ ನಮ್ಮ ತಮ್ಮನ ಮೊಮ್ಮಕ್ಕಳು ಪಂಚಮಿಯ ದಿನ ಜೋಕಾಲಿ ಆಡುತ್ತ ಹಿಡಿದ ವಿಡಿಯೋಗಳು ಕುಳಿತಿದ್ದವು. ಆ ವಿಡಿಯೋಗಳಲ್ಲಿ ಒಂದೊಂದು ನಿಮಿಷವೂ ನೂರು ಎಂ.ಬಿ. ಮೀರುತ್ತದೆ, ಹಳೆಯ ಫೋನಿನಲ್ಲಿ ಹಿಡಿದ ಆಯಿಯವರ ಹದಿನೇಳು ಪದಗಳು ಎಲ್ಲ ಸೇರಿ ಹತ್ತು ಎಂ.ಬಿ. ಆಗುತ್ತಿರಲಿಲ್ಲ. ಜಾಗ ಉಳಿಸಲೆಂದು ನಾವು ಅಳಿಸಿದ್ದು ಜಾಗವನ್ನೇ ಬೇಡದ ವಸ್ತುವನ್ನು! ಮಕ್ಕಳ ತಪ್ಪು ಏನೂ ಇಲ್ಲ. ಕಾರ್ಡಿನಲ್ಲಿ ಏನಿತ್ತೆಂದು ಅವಕ್ಕೇನು ಗೊತ್ತು?

ಹಂಸದ ಪದ ಅರ್ಧ ಸಿಕ್ಕಿತು. ಮೂರನೆಯ ನುಡಿಯ ನಡುವೆ, ಆಯಿಯವರು ಉಸಿರು ತೆಗೆದುಕೊಳ್ಳುವಲ್ಲಿ ಕಡಿದುಹೋಗುತ್ತದೆ. ಹಳೆಯ ಫೋನು ಎಎಮ್ಆರ್ ಎಂಬ ಹಳೆಯ ಪದ್ಧತಿಯಲ್ಲಿ ಹಿಡಿದದ್ದರಿಂದ ಅಷ್ಟಾದರೂ ಕೇಳುತ್ತದೆಯಂತೆ. ಹೊಸ ಫೋನುಗಳು ಬಳಸುವ ಎಂ4ಎ ಪದ್ಧತಿಯಲ್ಲಿ ಸಾಮಾನ್ಯವಾಗಿ ಇಡೀ ಧ್ವನಿಯ ಸೂಚಿಯನ್ನು ಕೊನೆಯಲ್ಲಿ ಬರೆಯುವುದರಿಂದ, ಬಾಲ ಹೋದರೆ ತಲೆಯೂ ಮಾತಾಡುವುದಿಲ್ಲ.

ಒಳಗಿನ 24ಕ್ಕೆ ಬೇರೆ ದಾರಿ ಹಿಡಿಯಬೇಕಾಯಿತು. “ಯಾರಿಗರೆ ಕಳಿಸಿದ್ರೇನು ನೆನಪು ಮಾಡ್ಕೊಳ್ರಿ” ಎಂದಳು ಹುಡುಗಿ. ಆಗಾಗ ವಾಟ್ಸಾಪಿನಲ್ಲಿ ಒಂದೊಂದು ಪದವನ್ನು ಕೆಲವರಿಗೆ ಕಳಿಸಿದ್ದುಂಟು. ಭಜನಾ ಮಂಡಳಿಯವರಿಗೆ ಮೂರು, ಉದಗೀರಿನಲ್ಲಿರುವ ಆಯಿಯವರ ಮಗಳಿಗೆ ಹಬ್ಬ ಹರಿದಿನಗಳಲ್ಲಿ ಕೆಲವು. ಭಜನಾ ಮಂಡಳಿಯ ಹಿರಿಯರೊಬ್ಬರು ಫೋನಿನಲ್ಲಿ ಏನನ್ನೂ ಅಳಿಸದ ಸ್ವಭಾವದವರು. ಅವರ ಫೋನಿನಲ್ಲಿ ವಾಟ್ಸಾಪಿನ ಮಾತುಕತೆಯಿಂದ ಆ ಧ್ವನಿ ಮರೆಯಾಗಿದ್ದರೂ, ಆ್ಯಪಿನ ಒಳಕೋಣೆಯಲ್ಲಿ ಆಡಿಯೋಗಳಿಗೆಂದೇ ಇರುವ ಫೋಲ್ಡರಿನಲ್ಲಿ ಮೂರೂ ಇದ್ದವು. ಮಗಳು ನಾಲ್ಕನ್ನು ಇಟ್ಟುಕೊಂಡಿದ್ದರು. ನಿತ್ಯ ಪೂಜೆಯ ಹೊತ್ತಿಗೆ ಒಂದನ್ನು ಹಚ್ಚುವುದು ಅವರ ವಾಡಿಕೆ. ಅಲ್ಲಿಗೆ ಏಳಾದವು.

ಮೊಮ್ಮಗನ ಕಥೆ ಬೇರೆ. ಅವನಿಗೂ ಮೂರು ಪದ ಕಳಿಸಿದ್ದೆವು. ಮತ್ತಾರಿಗೂ ಕಳಿಸದವು ಅವು. ಅವನ ಫೋನಿನಲ್ಲಿ ಮೂರೂ ಕಾಣುತ್ತಿದ್ದವು, ಎಷ್ಟು ನಿಮಿಷದ್ದೆಂದೂ ಬರೆದಿತ್ತು, ಪಕ್ಕದಲ್ಲಿ ಕೆಳಗಿಳಿಸಿಕೊಳ್ಳುವ ಬಾಣದ ಗುರುತೂ ಇತ್ತು. ಬಂದ ದಿನ ಅವನು ಅದನ್ನು ಒತ್ತಿರಲಿಲ್ಲ. ವಾಟ್ಸಾಪಿನವರು ಇಂಥ ಫೈಲನ್ನು ತಮ್ಮಲ್ಲಿ ಬಹುಕಾಲ ಇಟ್ಟುಕೊಳ್ಳುವುದಿಲ್ಲ; ತಡವಾಗಿ ಒತ್ತಿದರೆ, ಕಳಿಸಿದವರನ್ನೇ ಮತ್ತೊಮ್ಮೆ ಕಳಿಸಲು ಕೇಳಿ ಎಂಬ ಉತ್ತರ ಬರುತ್ತದೆ. ಕಳಿಸಿದವರು ನಾವು, ನಮ್ಮಲ್ಲಿ ಎಲ್ಲಿದೆ? “ಆಮ್ಯಾಲೆ ಕೇಳಿದರಾತು ಅಂತ ಬಿಟ್ಟಿದ್ನಿ, ಶಾಸ್ತ್ರಿಗಳೆ” ಎಂದು ಹೇಳಿ ಅವನು ಬಹಳ ಹೊತ್ತು ಸುಮ್ಮನಾದ. ಬರೆದರಾಯಿತೆಂದು ಬಿಟ್ಟವರು ನಾವು, ಅವನಿಗೆ ಏನು ಹೇಳುವುದು?

ಹನ್ನೆರಡು ಮತ್ತು ಏಳು, ಹತ್ತೊಂಬತ್ತು. ಇಪ್ಪತ್ತೆರಡು ಪದಗಳು ಹೋದವು.

ಆ ರಾತ್ರಿ ನಿದ್ದೆ ಬಾರದೆ ಒಂದು ವಿಚಾರ ಮನಸ್ಸಿನಲ್ಲಿ ಸುತ್ತುತ್ತಿತ್ತು. ನಾವು ಜೋಪಾನವಾಗಿ ನಮ್ಮಲ್ಲೇ ಇಟ್ಟುಕೊಂಡದ್ದು ಹೋಯಿತು. ಲೆಕ್ಕವಿಲ್ಲದೆ ಇನ್ನೊಬ್ಬರಿಗೆ ಕೊಟ್ಟದ್ದು ಉಳಿಯಿತು. ಮಠದಲ್ಲಿ 1970ರ ದಶಕದಲ್ಲಿ ನಾವು ವಿದ್ಯಾರ್ಥಿಗಳಾಗಿದ್ದಾಗ ಹಳೆಯ ಕಟ್ಟುಗಳನ್ನು ಬಿಚ್ಚಿ, ನಿಂಬೆಹುಲ್ಲಿನ ಎಣ್ಣೆ ಸವರುವ ಕೆಲಸ ನಮ್ಮ ಪಾಲಿಗಿತ್ತು. ಗರಿ ಒಡೆದು ಓದಲಾಗದಿದ್ದಾಗ ಗುರುಗಳು ಕೇಳುತ್ತಿದ್ದ ಮೊದಲ ಪ್ರಶ್ನೆ, ಇದರ ಪ್ರತಿ ಇನ್ನಾವ ಮಠದಲ್ಲಿದೆ ಎಂಬುದೇ. ಫ.ಗು. ಹಳಕಟ್ಟಿಯವರು (1880–1964) ವಿಜಾಪುರದಲ್ಲಿ ವಕೀಲಿಕೆ ಮಾಡುತ್ತ ಮಠ ಮನೆಗಳನ್ನು ಅಲೆದು ವಚನದ ಕಟ್ಟುಗಳನ್ನು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಅವರಿಗೆ ಸಿಕ್ಕಿದ್ದು ಒಂದು ಭಂಡಾರದಲ್ಲಿ ಅಲ್ಲ. ಯಾವುದೋ ಮನೆಯ ಜಗುಲಿಯಲ್ಲಿ ಪೂಜೆಗೆ ಇಟ್ಟದ್ದು, ಯಾರೋ ತಮ್ಮ ಪಾರಾಯಣಕ್ಕೆ ಬರೆಸಿಕೊಂಡದ್ದು. ಬರೆಸಿಕೊಂಡವರು ಲೋಕಕ್ಕೆಂದು ಬರೆಸಿಕೊಂಡಿರಲಿಲ್ಲ.

ಇದು ನಮ್ಮಂಥ ಹಳ್ಳಿಯವರ ಅಜಾಗರೂಕತೆ ಮಾತ್ರವೆಂದು ತಿಳಿಯಬೇಕಾಗಿಲ್ಲ. 1969ರಲ್ಲಿ ಮಾನವ ಚಂದ್ರನ ಮೇಲೆ ಕಾಲಿಟ್ಟಾಗ ಅಲ್ಲಿಂದ ಬಂದ ಚಿತ್ರಗಳ ಮೂಲ ಟೇಪುಗಳನ್ನು ಅಮೆರಿಕದ ನಾಸಾ ಸಂಸ್ಥೆ ವರ್ಷಗಟ್ಟಲೆ ಹುಡುಕಿತು. ಟೇಪಿನ ಕೊರತೆಯಿದ್ದ ಕಾಲದಲ್ಲಿ ಅವನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿಕೊಂಡಿರಬೇಕೆಂದು 2009ರಲ್ಲಿ ಅದೇ ಹೇಳಿಕೊಂಡಿತು. ಆ ವರ್ಷ ಅವರು ಹಸನುಗೊಳಿಸಿ ಹೊರತಂದ ಚಿತ್ರಗಳು, ದೂರದರ್ಶನ ಸಂಸ್ಥೆಯ ಸಂಗ್ರಹದಲ್ಲಿಯೂ ಆಸ್ಟ್ರೇಲಿಯಾದಲ್ಲಿಯೂ ಉಳಿದಿದ್ದ ಪ್ರತಿಗಳಿಂದ ಬಂದವು. ಚಂದ್ರನವರೆಗೆ ಹೋದವರೇ ಜಾಗ ಸಾಲದೆಂದು ಅಳಿಸಿದ್ದರೆ, ನಮ್ಮ ಪಾಡೇನು ಎಂದು ಸ್ವಲ್ಪ ಸಮಾಧಾನ ತಂದುಕೊಂಡೆವು. ಸಮಾಧಾನ ಬಹಳ ಹೊತ್ತು ನಿಲ್ಲಲಿಲ್ಲವೆನ್ನಿ.

ಪುಣ್ಯಸ್ಮರಣೆಯ ದಿನ ಆಯಿಯವರ ಪಡಸಾಲೆಯಲ್ಲಿ ಹತ್ತೊಂಬತ್ತೂ ಪದಗಳನ್ನು ಹಚ್ಚಿದೆವು. ಉದಗೀರಿನಿಂದ ಮಗಳು ಬಂದಿದ್ದರು, ಪುಣೆಯಿಂದ ಮೊಮ್ಮಗ ಬಂದಿದ್ದ. ಮೊದಲಿಗೆ ನಾವು ಎಲ್ಲರ ಮುಂದೆ ನಡೆದುದನ್ನು ಹೇಳಿ ತಪ್ಪೊಪ್ಪಿಕೊಂಡೆವು. ಯಾರೂ ಒಂದು ಮಾತನ್ನೂ ಆಡಲಿಲ್ಲ, ಅದು ಆಡಿದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು. ಹಂಸದ ಪದವನ್ನು ಕೊನೆಗೆ ಹಚ್ಚಿದೆವು. ಅದರ ಹಿನ್ನೆಲೆಯಲ್ಲಿ ಪಾತ್ರೆಯ ಸದ್ದು, ಬಳೆಯ ಸದ್ದು ಕೇಳುತ್ತದೆ. ಹಿಡಿಯುವಾಗ ಆ ಸದ್ದಿಗೆ ನಾವು ಬೇಸರಪಟ್ಟು ಅಡುಗೆಮನೆಯ ಬಾಗಿಲು ಹಾಕಿಸಿದ್ದುಂಟು. ಮೂರನೆಯ ನುಡಿಯ ನಡುವೆ ದನಿ ಕಡಿಯಿತು. ಆಗ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ ಆಯಿಯವರ ಸೊಸೆ, ಅರುವತ್ತರ ಹತ್ತಿರದ ತಾಯಿ, ಮುಂದಿನ ಮಾತನ್ನು ಮೆಲ್ಲಗೆ ಎತ್ತಿಕೊಂಡರು. ನಾವೆಲ್ಲ ತಿರುಗಿ ನೋಡಿದೊಡನೆ ನಾಚಿ ನಿಲ್ಲಿಸಿಬಿಟ್ಟರು.

“ನಿಮಗೆ ಬರುತ್ತದೇನವ್ವಾ?” ಎಂದು ಕೇಳಿದೆವು.

“ನನಗೆಲ್ಲಿ ಬರ್ತದ್ರಿ ಅಪ್ಪಾರೆ. ಅತ್ತಿ ಗುನುಗೂದು ಕೇಳೀನಷ್ಟ.”

ನಾಲ್ಕು ವರ್ಷ ಅದೇ ಪಡಸಾಲೆಯಲ್ಲಿ ಕುಳಿತು ಅವರ ಕೈಯ ಚಹಾ ಕುಡಿದ ನಾವು, ಒಮ್ಮೆಯಾದರೂ ಅವರನ್ನು ಕೇಳಿರಲಿಲ್ಲ. ಮಗಳು ಬಂದು ಅವರ ಕೈ ಹಿಡಿದು ಕೂಡಿಸಿದರು. ಯಂತ್ರವನ್ನು ಬದಿಗಿಟ್ಟು ನಾವು ನೋಟುಬುಕ್ಕು ತರಿಸಿಕೊಂಡೆವು. ಮೂರು, ನಾಲ್ಕು, ಐದನೆಯ ನುಡಿಗಳು ತಡೆಯಿಲ್ಲದೆ ಬಂದವು. ಏಳನೆಯದು ಅಂಕಿತದೊಡನೆ ಬಂತು. ಆರನೆಯದು ಬರಲಿಲ್ಲ, ಎರಡು ಸಲ ಮೊದಲಿನಿಂದ ಹಾಡಿ ನೋಡಿದರೂ ಐದರಿಂದ ಏಳಕ್ಕೇ ಹಾರುತ್ತಿತ್ತು. ಅಲ್ಲಿ ನೆಲ್ಲು, ತೊಟ್ಟಿಲು ಎಂಬ ಎರಡು ಮಾತಿವೆ ಎಂಬುದಷ್ಟೇ ಅವರಿಗೆ ನೆನಪು. ಹೋದವೆಂದು ನಾವು ಲೆಕ್ಕ ಹಾಕಿದ್ದ ಪದಗಳಲ್ಲಿ ಇನ್ನೂ ಕೆಲವನ್ನು ಅವರು ಬಲ್ಲರೆಂದು ಆಮೇಲೆ ಗೊತ್ತಾಯಿತು. ಈಗ ವಾರಕ್ಕೊಮ್ಮೆ ಹೋಗಿ ಕುಳಿತು ಬರೆದುಕೊಳ್ಳುತ್ತಿದ್ದೇವೆ. ಅಡುಗೆಮನೆಯ ಬಾಗಿಲು ತೆರೆದೇ ಇರುತ್ತದೆ.

ಸಿಕ್ಕ ಹತ್ತೊಂಬತ್ತು ಧ್ವನಿಗಳು ಈಗ ಆ ವಿದ್ಯಾರ್ಥಿನಿಯ ಗಣಕಯಂತ್ರದಲ್ಲಿ, ಉದಗೀರಿನಲ್ಲಿ, ಪುಣೆಯಲ್ಲಿ ಮತ್ತು ಭಜನಾ ಮಂಡಳಿಯ ಆ ಏನನ್ನೂ ಅಳಿಸದ ಹಿರಿಯರಲ್ಲಿ ಇವೆ. ಯಾವ ಪದ, ಯಾವ ದಿನ ಹಿಡಿದದ್ದು ಎಂಬ ಚೀಟಿಯನ್ನೂ ಜೊತೆಗೆ ಕಳಿಸಿದ್ದೇವೆ. ನೋಟುಬುಕ್ಕಿನಲ್ಲಿ ಹಂಸದ ಪದದ ಆರನೆಯ ನುಡಿಗೆ ನಾಲ್ಕು ಸಾಲಿನ ಜಾಗ ಬಿಟ್ಟಿದ್ದೇವೆ. ಹುಮನಾಬಾದ, ಬಸವಕಲ್ಯಾಣ, ಭಾಲ್ಕಿ, ಉದಗೀರುಗಳ ಕಡೆಯ ಯಾವ ಮನೆಯಲ್ಲಾದರೂ ಹಿರಿಯ ತಾಯಂದಿರು ಬೀಸುವ ಕಲ್ಲಿನ ಮುಂದೆ ಹಾಡಿದ ಹಂಸದ ಪದದಲ್ಲಿ ನೆಲ್ಲು ತೊಟ್ಟಿಲುಗಳ ನುಡಿಯೊಂದು ಇದ್ದರೆ, ದಯಮಾಡಿ ಈ ಪತ್ರಿಕೆಯ ವಿಳಾಸಕ್ಕೆ ಬರೆದು ತಿಳಿಸಬೇಕೆಂದು ಬೇಡಿಕೊಳ್ಳುತ್ತೇವೆ. ಫೋನಿನಲ್ಲಿ ಕಳಿಸಿದರೂ ಆದೀತು. ಬಂದೊಡನೆ ಒತ್ತಿ ಕೇಳುತ್ತೇವೆ.